ಗಾಯಗೊಂಡವರ ಮಾತಿಗೂ ಕಿವಿಗೊಡೋಣ

ಜೆರಿಕೋ ಪಟ್ಟಣದ ಹೊರಗೆ ದಾರಿಯ ಬದಿಯಲ್ಲಿ ಕುಳಿತು ಭಿಕ್ಷೆ ಬೇಡುತ್ತಿದ್ದ ಕುರುಡ ಬಾರ್ತಿಮಾಯನ ವೃತ್ತಾಂತ ನಮಗೆಲ್ಲರಿಗೂ ಚಿರಪರಿಚಿತವಾದುದು. ಸಂತ ಮಾರ್ಕರು ತಮ್ಮ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಅದನ್ನು ವರ್ಣಿಸಿದ್ದಾರೆ. ಕೂಗಿ ಕರೆಯುತ್ತಿದ್ದ ಆ ಬಡವನನ್ನು ಸುಮ್ಮನಿರುವಂತೆ ಜನಸಮೂಹ ಗದರಿಸುತ್ತದೆ. ಯೇಸುಸ್ವಾಮಿಯಾದರೋ ನಿಂತು, ಅವನನ್ನು ಹತ್ತಿರಕ್ಕೆ ಕರೆಸಿ, ತಾವು ಅವನಿಗಾಗಿ ಏನು ಮಾಡಬೇಕೆಂದು ಕೇಳುತ್ತಾರೆ. ಈ ಪ್ರಶ್ನೆ ಯಾರನ್ನಾದರೂ ಚಿಂತನೆಗೆ ಹಚ್ಚುವಂಥದು. ಕುರುಡನಿಗೆ ಬೇಕಾದುದೇನೆಂಬುದು ಎದುರಿಗಿದ್ದವರಿಗೆಲ್ಲ ಕಾಣುತ್ತಿತ್ತು. ಸರ್ವಜ್ಞನಾದ ಪ್ರಭುವಿಗೆ ಅದು ತಿಳಿಯದೆ ಇದ್ದೀತೇ? ಆದರೂ ಅವರು ಕೇಳಿದರು. ನೋವನ್ನು ಅನುಭವಿಸುತ್ತಿರುವವನ ಬಾಯಿಂದಲೇ ಆ ನೋವಿನ ಮಾತು ಹೊರಡಲೆಂದು ಕಾದರು. ಗುಣಪಡಿಸುವ ಕಾರ್ಯದಲ್ಲಿ ರೋಗಿಯನ್ನೂ ಪಾಲುದಾರನನ್ನಾಗಿ ಮಾಡಿದ ಆ ಪ್ರಶ್ನೆ ಇಂದು ನಮ್ಮ ಆಸ್ಪತ್ರೆಗಳ ಶಸ್ತ್ರಚಿಕಿತ್ಸಾ ವಾರ್ಡುಗಳಲ್ಲಿಯೂ ನಮ್ಮ ಮನೆಗಳಲ್ಲಿಯೂ ಕೇಳಿಬರಬೇಕಾಗಿದೆ ಎಂಬುದೇ ಈ ಲೇಖನದ ಆಶಯ.

ಮನೆಗೆ ಬಂದ ಮೇಲಿನ ಸಂಕಟ

ಆಪರೇಷನ್ ಯಶಸ್ವಿಯಾಯಿತೆಂದು ಡಾಕ್ಟರರು ಹೇಳಿದೊಡನೆ ಮನೆಮಂದಿ ನಿಟ್ಟುಸಿರು ಬಿಡುತ್ತಾರೆ, ಕೃತಜ್ಞತಾ ಪೂಜೆಗೆ ಹೇಳಿಬರುತ್ತಾರೆ. ಆದರೆ ಶಸ್ತ್ರಚಿಕಿತ್ಸೆಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಚರ್ಮವನ್ನು ಕೊಯ್ದ ಜಾಗದಲ್ಲಿ ರೋಗಾಣುಗಳು ಸೇರಿ ಗಾಯ ಕೆಂಪಾಗಿ, ಊದಿಕೊಂಡು, ಕೀವು ಕಟ್ಟುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗುವ ನೂರು ಮಂದಿಯಲ್ಲಿ ಸುಮಾರು 11 ಮಂದಿ ಇಂತಹ ಸೋಂಕಿಗೆ ತುತ್ತಾಗುತ್ತಾರೆ. ಆಫ್ರಿಕಾದಲ್ಲಿ ಸಿಜೇರಿಯನ್ ಹೆರಿಗೆಯಾದ ತಾಯಂದಿರಲ್ಲಿ ನೂರಕ್ಕೆ 20ರ ತನಕ ಈ ಬಾಧೆಗೆ ಒಳಗಾಗುವುದುಂಟೆಂದು ಅದೇ ಸಂಸ್ಥೆ ತಿಳಿಸಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇಂತಹ ಸೋಂಕು ಕಾಣಿಸಿಕೊಳ್ಳುವುದು ಹಲವು ವೇಳೆ ರೋಗಿ ಮನೆಗೆ ಹಿಂದಿರುಗಿದ ಬಳಿಕ. ಶಸ್ತ್ರಚಿಕಿತ್ಸೆಯಾದ ದಿನದಿಂದ 30 ದಿನಗಳ ತನಕ, ಕೃತಕ ಕೀಲು ಮೊದಲಾದವನ್ನು ಶರೀರದೊಳಗೆ ಅಳವಡಿಸಿದ್ದರೆ 90 ದಿನಗಳ ತನಕ ಗಾಯದ ಮೇಲೆ ನಿಗಾ ಇರಬೇಕೆಂಬುದು ವೈದ್ಯಲೋಕದಲ್ಲಿ ರೂಢಿಯಲ್ಲಿರುವ ಕ್ರಮ. ಆದರೆ ಐದಾರು ದಿನಗಳಲ್ಲಿ ಡಿಸ್ಚಾರ್ಜ್ ಆಗಿ ಬಂದವರ ಗಾಯವನ್ನು ನೋಡುವವರು ಯಾರು? ತಾಯಿ, ಹೆಂಡತಿ, ಸೊಸೆ, ಇಲ್ಲವೇ ನೆರೆಮನೆಯ ನರ್ಸಮ್ಮ. ವೈದ್ಯರ ಕಣ್ಣಿಗೆ ಬೀಳದ ಆ ಮೂವತ್ತು ದಿನಗಳ ವೃತ್ತಾಂತ ರೋಗಿಗೆ ಮಾತ್ರ ಗೊತ್ತಿರುತ್ತದೆ.

ಪರಮಪ್ರಸಾದವನ್ನು ಹೊತ್ತು ವ್ಯಾಧಿಸ್ಥರ ಮನೆಗಳಿಗೆ ಹೋಗುವ ಗುರುಗಳಿಗೆಲ್ಲ ಇಂತಹ ಗಾಯಗಳ ಪರಿಚಯವಿದೆ. ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡ ಹಿರಿಯರೊಬ್ಬರು ಒದ್ದೆಯಾದ ಡ್ರೆಸ್ಸಿಂಗಿನ ಮೇಲೆ ದಪ್ಪ ಟವೆಲೊಂದನ್ನು ಸುತ್ತಿಕೊಂಡು ಹತ್ತು ದಿನ ಮಲಗಿದ್ದುದನ್ನು ನಾನು ಬಲ್ಲೆ. ಕೊಠಡಿಯಲ್ಲಿ ವಾಸನೆ ಹರಡಿತ್ತು. ವಿಚಾರಿಸಿದಾಗ ಅವರು ಅಂಜುತ್ತಲೇ ಹೇಳಿದ ಕಾರಣವಿಷ್ಟೆ: ಮಗ ಸಾಲ ಮಾಡಿ ಆಪರೇಷನ್ ಮಾಡಿಸಿದ್ದಾನೆ, ಇದನ್ನು ಹೇಳಿದರೆ ಮತ್ತೆ ಸಾಲ ಮಾಡುತ್ತಾನೆ. ಆ ತಂದೆಯ ಮೌನದಲ್ಲಿದ್ದುದು ಪ್ರೀತಿಯೇ ಹೊರತು ಅಜ್ಞಾನವಲ್ಲ. ಆದರೆ ಗಾಯಕ್ಕೆ ಪ್ರೀತಿಯ ಭಾಷೆ ಅರ್ಥವಾಗುವುದಿಲ್ಲ. ಮುಚ್ಚಿಟ್ಟಷ್ಟೂ ಅದು ಒಳಕ್ಕೆ ಇಳಿಯುತ್ತದೆ. ಕೊನೆಗೆ ಸಾಲ ಇಮ್ಮಡಿಯಾಯಿತು, ನೋವು ಮುಮ್ಮಡಿಯಾಯಿತು.

ವಿಯೆನ್ನಾದ ತಾಯಂದಿರು ಅರಿತಿದ್ದ ಸತ್ಯ

ಸೋಂಕಿನ ಇತಿಹಾಸವನ್ನು ಓದುವಾಗ ನಾವು ಸಾಮಾನ್ಯವಾಗಿ ಮಹಾವೈದ್ಯರ ಹೆಸರುಗಳನ್ನು ಸ್ಮರಿಸುತ್ತೇವೆ. 1847ರಲ್ಲಿ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆರಿಗೆ ಮಾಡಿಸುವವರು ಕ್ಲೋರಿನ್ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯಬೇಕೆಂಬ ನಿಯಮವನ್ನು ಜಾರಿಗೆ ತಂದರು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ಹೊತ್ತಿಗೆ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. 1865ರಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಅವರು ಕಾಲುಮುರಿದು ಗಾಯವಾಗಿದ್ದ 11 ವರ್ಷದ ಹುಡುಗನೊಬ್ಬನಿಗೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿ, ಕೀವಾಗದಂತೆ ಗುಣಪಡಿಸಿದರು. ಇವೆರಡೂ ಮನುಕುಲ ಮರೆಯಬಾರದ ಉಪಕಾರಗಳು.

ಆದರೆ ವಿಯೆನ್ನಾದ ಪ್ರಕರಣದಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಾರದ ಅಂಶವೊಂದಿದೆ. ಆ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. ವಿದ್ಯಾರ್ಥಿಗಳು ಶವಪರೀಕ್ಷೆಯ ಕೊಠಡಿಯಿಂದ ನೇರವಾಗಿ ಹೆರಿಗೆ ಕೊಠಡಿಗೆ ಬರುತ್ತಿದ್ದರು. ಮೊದಲನೆಯ ವಿಭಾಗದಲ್ಲಿ ಸಾವು ಹೆಚ್ಚೆಂಬುದು ನಗರದ ಬಡ ಗರ್ಭಿಣಿಯರಿಗೆಲ್ಲ ತಿಳಿದಿತ್ತು. ತಮ್ಮನ್ನು ಅಲ್ಲಿಗೆ ಸೇರಿಸಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರೆಂದು ಸೆಮ್ಮೆಲ್‌ವೈಸರೇ ಬರೆದಿಟ್ಟಿದ್ದಾರೆ. ರೋಗಾಣುಗಳ ಶಾಸ್ತ್ರ ಹುಟ್ಟುವ ಮುನ್ನವೇ, ಅಕ್ಷರ ಬಾರದ ಆ ತಾಯಂದಿರು ಎಲ್ಲಿ ಅಪಾಯವಿದೆ ಎಂಬುದನ್ನು ಅರಿತಿದ್ದರು. ಕಾರಣವೇನೆಂಬುದು ಅವರಿಗೆ ತಿಳಿದಿರಲಿಲ್ಲ ನಿಜ. ಆದರೆ ಅವರ ಅಂಗಲಾಚುವಿಕೆಯನ್ನು ಹೆಂಗಸರ ಅಂಜಿಕೆಯೆಂದು ಬಗೆಯದೆ, ಸಾಕ್ಷ್ಯವೆಂದು ಪರಿಗಣಿಸಿದ್ದರೆ ಎಷ್ಟು ಜೀವಗಳು ಮೊದಲೇ ಉಳಿಯುತ್ತಿದ್ದವೋ!

ಗಾಯಾಳುವೇ ದಾದಿಯಾದ ಸಂತ

ನಮ್ಮ ಧರ್ಮಸಭೆಯ ಇತಿಹಾಸದಲ್ಲಿ ಈ ಪಾಠವನ್ನು ಬಾಳಿ ತೋರಿಸಿದವರು ಸಂತ ಕಮಿಲ್ಲಸ್ ದೆ ಲೆಲ್ಲಿಸ್. 1550ರಲ್ಲಿ ಇಟಲಿಯಲ್ಲಿ ಜನಿಸಿದ ಇವರು ಸಿಪಾಯಿಯಾಗಿದ್ದವರು, ಜೂಜಿನ ಚಟಕ್ಕೆ ಬಿದ್ದವರು. ಅವರ ಕಾಲಿನಲ್ಲಿ ವಾಸಿಯಾಗದ ಗಾಯವೊಂದಿತ್ತು. ಅದರ ಚಿಕಿತ್ಸೆಗೆಂದು ರೋಮ್ ನಗರದ ಸಂತ ಯಾಕೋಬರ ಆಸ್ಪತ್ರೆಗೆ ಸೇರಿದರು. ಮನಪರಿವರ್ತನೆಯಾಗಿ ಸನ್ಯಾಸಿಯಾಗಲು ಹೊರಟಾಗಲೂ ಅದೇ ಗಾಯ ಅಡ್ಡಬಂದಿತು. ಕೊನೆಗೆ ತಾವು ರೋಗಿಯಾಗಿ ಮಲಗಿದ್ದ ಆಸ್ಪತ್ರೆಯಲ್ಲೇ ಸೇವಕರಾದರು, ಮುಂದೆ ಅದರ ಮೇಲ್ವಿಚಾರಕರಾದರು. ಕೂಲಿಗಾಗಿ ದುಡಿಯುವ ಆಳುಗಳು ರೋಗಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆಂಬುದು ಹಾಸಿಗೆಯ ಮೇಲಿನಿಂದ ನೋಡಿದ್ದ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಸ್ಥಾಪಿಸಿದ ರೋಗಿಸೇವಕರ ಸಭೆಗೆ 1586ರಲ್ಲಿ ಜಗದ್ಗುರುಗಳ ಮನ್ನಣೆ ದೊರೆಯಿತು. ಒಬ್ಬಳೇ ತಾಯಿ ತನ್ನ ಒಂದೇ ಕೂಸಿನ ಕಾಯಿಲೆಯಲ್ಲಿ ತೋರುವ ಅಕ್ಕರೆಯಿಂದ ರೋಗಿಯನ್ನು ಉಪಚರಿಸಬೇಕೆಂಬುದು ಅವರು ತಮ್ಮ ಸಹೋದರರಿಗೆ ವಿಧಿಸಿದ ನಿಯಮಗಳ ತಿರುಳು. 1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ದೇವರ ಸಂತ ಜಾನರೊಡನೆ ಇವರನ್ನು ರೋಗಿಗಳ ಹಾಗೂ ಆಸ್ಪತ್ರೆಗಳ ಪಾಲಕ ಸಂತರನ್ನಾಗಿ ಘೋಷಿಸಿದರು. ಗಾಯದ ಆರೈಕೆಯನ್ನು ಸುಧಾರಿಸಿದವರು ಸ್ವತಃ ಗಾಯಾಳು ಎಂಬುದು ಇಲ್ಲಿ ಮನನೀಯ.

ದಾರ್ಶನಿಕರ ಮಾತು

ಇದು ಕೇವಲ ಭಕ್ತಿಭಾವದ ಮಾತಲ್ಲ, ತರ್ಕಕ್ಕೂ ಒಪ್ಪುವಂಥದು. ಗ್ರೀಕ್ ದಾರ್ಶನಿಕ ಪ್ಲೇಟೋ ತನ್ನ ‘ನಿಯಮಗಳು’ ಎಂಬ ಕೃತಿಯ ನಾಲ್ಕನೆಯ ಭಾಗದಲ್ಲಿ ಎರಡು ಬಗೆಯ ವೈದ್ಯರನ್ನು ವರ್ಣಿಸುತ್ತಾನೆ. ಗುಲಾಮರಿಗೆ ಔಷಧಿ ಕೊಡುವವನು ರೋಗಿಯನ್ನು ಏನೂ ಕೇಳದೆ, ಏನೂ ಹೇಳದೆ, ದಂಡಾಧಿಕಾರಿಯಂತೆ ಆಜ್ಞೆಯಿತ್ತು ಮುಂದಿನ ರೋಗಿಯ ಬಳಿಗೆ ಧಾವಿಸುತ್ತಾನೆ. ಸ್ವತಂತ್ರ ನಾಗರಿಕರ ವೈದ್ಯನಾದರೋ ರೋಗಿಯೊಡನೆಯೂ ಅವನ ಬಂಧುಗಳೊಡನೆಯೂ ಮಾತನಾಡಿ, ಅವರಿಂದ ಕಲಿತು, ಅವರಿಗೆ ಕಲಿಸಿ, ರೋಗಿಯ ಮನವೊಪ್ಪಿಸಿದ ಮೇಲೆಯೇ ಚಿಕಿತ್ಸೆ ನೀಡುತ್ತಾನೆ. ಅವನ ಶಿಷ್ಯ ಅರಿಸ್ಟಾಟಲ್ ‘ರಾಜನೀತಿ’ ಎಂಬ ಗ್ರಂಥದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಮನೆಯ ಗುಣದೋಷವನ್ನು ಅದನ್ನು ಕಟ್ಟಿದವನಿಗಿಂತ ವಾಸಿಸುವವನೂ, ಅಡುಗೆಯ ರುಚಿಯನ್ನು ಬಾಣಸಿಗನಿಗಿಂತ ಉಣ್ಣುವವನೂ ಚೆನ್ನಾಗಿ ಬಲ್ಲನೆಂದು ವಾದಿಸುತ್ತಾನೆ.

ಇದರ ಅರ್ಥ ಉಣ್ಣುವವನೇ ಅಡುಗೆಮನೆಗೆ ನುಗ್ಗಿ ಸೌಟು ಹಿಡಿಯಬೇಕೆಂದಲ್ಲ. ಹೊಲಿಗೆ ಹಾಕುವ ಕೌಶಲ, ಔಷಧಿಯ ಜ್ಞಾನ ವೈದ್ಯರದೇ. ಆದರೆ ಡ್ರೆಸ್ಸಿಂಗ್ ಬಿಚ್ಚುವಾಗ ಎಷ್ಟು ನೋಯುತ್ತದೆ, ರಾತ್ರಿ ಬಟ್ಟೆಯೆಲ್ಲ ಎಷ್ಟು ಒದ್ದೆಯಾಗುತ್ತದೆ, ವಾಸನೆಗೆ ನಾಚಿ ಎಷ್ಟು ಭಾನುವಾರ ಪೂಜೆಗೆ ಹೋಗದೆ ಉಳಿದೆ ಎಂಬ ಜ್ಞಾನ ರೋಗಿಯದೇ. ಈ ಎರಡು ಜ್ಞಾನಗಳು ಕೂಡಿದಾಗಲೇ ಆರೈಕೆ ಪೂರ್ಣವಾಗುತ್ತದೆ.

ಕೂಡಿ ಯೋಚಿಸಿದವರ ಅನುಭವ

ಈ ತತ್ತ್ವವನ್ನು ಇಂಗ್ಲೆಂಡಿನಲ್ಲಿ ಕಾರ್ಯರೂಪಕ್ಕೆ ತಂದಿರುವ ರೀತಿ ಗಮನಾರ್ಹ. 2004ರಲ್ಲಿ ಅಲ್ಲಿ ‘ಜೇಮ್ಸ್ ಲಿಂಡ್ ಅಲಯನ್ಸ್’ ಎಂಬ ವೇದಿಕೆ ಹುಟ್ಟಿಕೊಂಡಿತು. 1747ರಲ್ಲಿ ಹನ್ನೆರಡು ನಾವಿಕರ ಮೇಲೆ ಪರೀಕ್ಷೆ ನಡೆಸಿ, ಕಿತ್ತಳೆ ಹಾಗೂ ನಿಂಬೆ ಹಣ್ಣುಗಳು ಸ್ಕರ್ವಿ ರೋಗವನ್ನು ಗುಣಪಡಿಸುತ್ತವೆಂದು ತೋರಿಸಿಕೊಟ್ಟ ನೌಕಾವೈದ್ಯ ಜೇಮ್ಸ್ ಲಿಂಡ್ ಅವರ ಹೆಸರನ್ನೇ ಅದಕ್ಕೆ ಇಡಲಾಗಿದೆ. ರೋಗಿಗಳು, ಅವರನ್ನು ನೋಡಿಕೊಳ್ಳುವ ಮನೆಯವರು, ವೈದ್ಯರು, ನರ್ಸುಗಳು ಒಂದೇ ಮೇಜಿನ ಸುತ್ತ ಸರಿಸಮಾನರಾಗಿ ಕುಳಿತು, ಯಾವ ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕೆಂದು ಅಲ್ಲಿ ನಿರ್ಧರಿಸುತ್ತಾರೆ. ಸಂಶೋಧನೆ ಏನನ್ನು ಹುಡುಕಬೇಕೆಂಬುದನ್ನು ಔಷಧಿ ತಯಾರಕರಿಗೋ ವಿದ್ವಾಂಸರಿಗೋ ಮಾತ್ರ ಬಿಟ್ಟುಕೊಡಬಾರದೆಂಬುದು ಅದರ ನಿಲುವು.

ಅದೇ ದೇಶದ ಬ್ರಿಸ್ಟಲ್ ನಗರದ ಸಂಶೋಧಕರು ರೋಗಿಗಳೊಡನೆ ಸಮಾಲೋಚಿಸಿ, ಶಸ್ತ್ರಚಿಕಿತ್ಸೆಯ ಗಾಯದ ಬಗ್ಗೆ ರೋಗಿಗಳೇ ಉತ್ತರಿಸಬಲ್ಲ ಸರಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಮುಂದೆ ಅದನ್ನು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ದೂರವಾಣಿಯ ಮೂಲಕ ಕೇಳಲು ಅನುವಾಗುವಂತೆ ಅಳವಡಿಸಲಾಯಿತು. ಹಳ್ಳಿಯಿಂದ ದಿನಗೂಲಿ ಬಿಟ್ಟು, ಬಸ್ಸಿನ ಖರ್ಚು ಹಾಕಿ, ಗಾಯವನ್ನು ತೋರಿಸಲು ನಗರಕ್ಕೆ ಬರಲಾಗದ ಬಡವನಿಗೆ ಒಂದು ಕರೆ ಎಷ್ಟು ದೊಡ್ಡ ಉಪಕಾರವೆಂಬುದನ್ನು ಹೇಳಬೇಕಾಗಿಲ್ಲ.

ವೈದ್ಯರೂ ನರ್ಸುಗಳೂ ತಮ್ಮ ರೂಢಿಯನ್ನು ತಾವೇ ಪ್ರಶ್ನಿಸಿಕೊಂಡಾಗ ಏನಾಗುತ್ತದೆಂಬುದಕ್ಕೆ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಕ್ಷಿ. ಭಾರತ, ಘಾನಾ, ನೈಜೀರಿಯ, ರುವಾಂಡ, ಮೆಕ್ಸಿಕೊ, ದಕ್ಷಿಣ ಆಫ್ರಿಕ ಮತ್ತು ಬೆನಿನ್ ದೇಶಗಳ 81 ಆಸ್ಪತ್ರೆಗಳಲ್ಲಿ ಹದಿಮೂರು ಸಾವಿರಕ್ಕೂ ಮಿಕ್ಕಿದ ರೋಗಿಗಳು ಇದರಲ್ಲಿ ಭಾಗಿಗಳಾಗಿದ್ದರು. ಹೊಟ್ಟೆಯ ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ, ಗಾಯವನ್ನು ಹೊಲಿಯುವುದಕ್ಕೆ ಮುಂಚೆ, ಕೈಗವಸುಗಳನ್ನೂ ಉಪಕರಣಗಳನ್ನೂ ಬದಲಿಸಿದರೆ ಪ್ರಯೋಜನವಿದೆಯೇ ಎಂಬುದೇ ಪ್ರಶ್ನೆ. ಬದಲಿಸದ ಕಡೆ ನೂರಕ್ಕೆ 18.9ರಷ್ಟಿದ್ದ ಸೋಂಕು, ಬದಲಿಸಿದ ಕಡೆ 16.0ಕ್ಕೆ ಇಳಿದಿತ್ತು. ಇಷ್ಟು ಸರಳವಾದ ಕ್ರಮದಿಂದ ಸಾವಿರ ಮಂದಿಯಲ್ಲಿ ಸುಮಾರು 29 ಮಂದಿ ಕೀವಿನ ನೋವಿನಿಂದ ಪಾರಾಗಬಲ್ಲರು.

ಇದಕ್ಕೆ ಪ್ರತಿಯಾಗಿ, ದುಬಾರಿಯಾದುದೆಲ್ಲ ಉತ್ತಮವೆಂಬ ನಂಬಿಕೆ ಹುಸಿಯಾದುದೂ ಉಂಟು. 2021ರಲ್ಲಿ ಪ್ರಕಟವಾದ ಇಂತಹುದೇ ಇನ್ನೊಂದು ಅಧ್ಯಯನದಲ್ಲಿ, ರೋಗಾಣುನಾಶಕವನ್ನು ಲೇಪಿಸಿದ ಹೊಲಿಗೆದಾರವು ಸಾಮಾನ್ಯ ದಾರಕ್ಕಿಂತ ಮೇಲೆಂದು ಸಿದ್ಧವಾಗಲಿಲ್ಲ. ಹೊಲಿಗೆ ಬಿಚ್ಚಿಕೊಂಡು ತೆರೆದೇ ಉಳಿದ ಗಾಯಗಳಿಗೆ ದ್ರವವನ್ನು ಹೀರುವ ಯಂತ್ರವನ್ನು ಜೋಡಿಸುವ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ 686 ರೋಗಿಗಳಲ್ಲಿ ಪರೀಕ್ಷಿಸಿದಾಗ, ಸಾಮಾನ್ಯ ಡ್ರೆಸ್ಸಿಂಗಿಗಿಂತ ಅದರಿಂದ ಗಾಯ ಬೇಗ ಮಾಯುತ್ತದೆಂಬುದಕ್ಕೆ ಸ್ಪಷ್ಟ ಆಧಾರ ದೊರೆಯಲಿಲ್ಲವೆಂದು 2025ರಲ್ಲಿ ವರದಿಯಾಯಿತು. ಒಡವೆ ಅಡವಿಟ್ಟು ಚಿಕಿತ್ಸೆ ಮಾಡಿಸುವ ಕುಟುಂಬಗಳಿಗೆ ಇದು ಸಣ್ಣ ಸುದ್ದಿಯಲ್ಲ. ಇಂತಹ ಯಂತ್ರ ಯಾರಿಗೂ ಬೇಡವೆಂದು ಇದರ ತಾತ್ಪರ್ಯವಲ್ಲ. ಇದರಿಂದ ನನಗೇನು ಪ್ರಯೋಜನ, ಇದಕ್ಕಿಂತ ಸರಳವಾದ ದಾರಿಯುಂಟೇ ಎಂದು ವಿನಯದಿಂದ ಕೇಳುವ ಅಧಿಕಾರ ರೋಗಿಗಿದೆ ಎಂಬುದಷ್ಟೇ ತಾತ್ಪರ್ಯ.

ಮನೆಯಲ್ಲಿ ನಾವು ಮಾಡಬೇಕಾದುದು

ನಮ್ಮಲ್ಲಿ ಡಾಕ್ಟರರನ್ನು ದೇವರ ಸಮಾನರೆಂದು ಗೌರವಿಸುವ ಸಂಪ್ರದಾಯವಿದೆ. ಗೌರವ ಒಳ್ಳೆಯದೇ. ಆದರೆ ದೇವರ ಮುಂದೆಯೂ ನಾವು ಬಾಯಿಬಿಟ್ಟು ಪ್ರಾರ್ಥಿಸುತ್ತೇವಲ್ಲವೇ? ಡಾಕ್ಟರರ ಮುಂದೆ ಮಾತ್ರ ಏಕೆ ಮೂಕರಾಗಬೇಕು? ಶಸ್ತ್ರಚಿಕಿತ್ಸೆಗೆ ಮುನ್ನ ಸಕ್ಕರೆ ಕಾಯಿಲೆ ಇದ್ದರೆ, ಬೀಡಿ ಸಿಗರೇಟಿನ ಚಟವಿದ್ದರೆ ಮುಚ್ಚಿಡದೆ ಹೇಳಬೇಕು. ಇವೆರಡೂ ಗಾಯ ಮಾಯುವುದನ್ನು ತಡೆಯುತ್ತವೆ. ಮನೆಯಲ್ಲಿ ಬ್ಲೇಡಿನಿಂದ ಕೂದಲು ತೆಗೆದುಕೊಂಡು ಹೋಗಬಾರದು. ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರುಗಳನ್ನು ಮಾಡುತ್ತದೆ, ಅಲ್ಲಿ ರೋಗಾಣುಗಳು ಮನೆಮಾಡುತ್ತವೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ಮಾರ್ಗಸೂಚಿಯಲ್ಲಿ ಕ್ಷೌರವನ್ನು ಬಲವಾಗಿ ನಿರಾಕರಿಸಿ, ಅಗತ್ಯವಿದ್ದರೆ ಕ್ಲಿಪ್ಪರಿನಿಂದ ಕತ್ತರಿಸಿದರೆ ಸಾಕೆಂದಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಸ್ನಾನ ಮಾಡಿರುವುದು ಒಳ್ಳೆಯದೆಂದೂ, ಸೋಂಕುನಿರೋಧಕ ಇಂಜೆಕ್ಷನ್ ಬೇಕಾದೆಡೆ ಕೊಯ್ಯುವುದಕ್ಕೆ ಮೊದಲಿನ ಎರಡು ಗಂಟೆಗಳೊಳಗೆ ನೀಡಬೇಕೆಂದೂ, ಕೇವಲ ಮುನ್ನೆಚ್ಚರಿಕೆಗಾಗಿ ಅದನ್ನು ಬಳಿಕವೂ ಮುಂದುವರಿಸುವುದು ಬೇಡವೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಹೆಚ್ಚು ಮಾತ್ರೆ ಬರೆದವರೇ ದೊಡ್ಡ ಡಾಕ್ಟರೆಂಬ ಭ್ರಮೆಯನ್ನು ನಾವು ಬಿಡಬೇಕು. ಹಾಗೆಂದು ವೈದ್ಯರು ಕಾರಣವಿದ್ದು ಕೊಟ್ಟ ಔಷಧಿಯನ್ನು ನಾವಾಗಿಯೇ ನಿಲ್ಲಿಸುವುದೂ, ಮೆಡಿಕಲ್ ಶಾಪಿನಿಂದ ನಾವಾಗಿಯೇ ತಂದು ನುಂಗುವುದೂ ಸಲ್ಲದು.

ಡಿಸ್ಚಾರ್ಜ್ ಆಗುವ ದಿನ ನಾಲ್ಕು ಪ್ರಶ್ನೆಗಳನ್ನು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿರಿ. ಡ್ರೆಸ್ಸಿಂಗನ್ನು ಯಾವಾಗ, ಯಾರು ಬದಲಿಸಬೇಕು? ಸ್ನಾನ ಯಾವಾಗ ಮಾಡಬಹುದು? ಏನನ್ನು ಉಣ್ಣಬೇಕು? ತೊಂದರೆಯಾದರೆ ರಾತ್ರಿ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು? ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ನೋವು ದಿನೇ ದಿನೇ ಇಳಿಯುವ ಬದಲು ಏರುತ್ತಿದ್ದರೆ, ಕೀವೋ ದುರ್ವಾಸನೆಯೋ ಕಂಡರೆ, ಹೊಲಿಗೆ ಬಿಚ್ಚಿಕೊಂಡರೆ, ಜ್ವರ ಬಂದರೆ ನಾಳೆಗೆ ಮುಂದೂಡದೆ ತೋರಿಸಬೇಕು. ಗಾಯವನ್ನು ಮುಟ್ಟುವ ಮುನ್ನ ಸಾಬೂನು ಹಚ್ಚಿ ಕೈತೊಳೆಯುವುದು ಮನೆಯವರೆಲ್ಲರಿಗೂ ಕಡ್ಡಾಯವಾಗಲಿ. ಅರಿಸಿನ, ಕಾಫಿಪುಡಿ, ಬೂದಿ ಇವಾವುದನ್ನೂ ಹೊಲಿಗೆಯ ಮೇಲೆ ಹಾಕಬಾರದು.

ಆಹಾರದ ವಿಷಯದಲ್ಲಿಯೂ ಒಂದು ಮಾತು. ನಂಜು ಏರುತ್ತದೆಂಬ ಭಯದಿಂದ ನಮ್ಮ ಹಿರಿಯರು ಆಪರೇಷನ್ ಆದವರಿಗೆ ಮೀನು, ಮೊಟ್ಟೆ, ಬೇಳೆ ಎಲ್ಲವನ್ನೂ ನಿಲ್ಲಿಸಿ ಬರೀ ಗಂಜಿ ಉಪ್ಪಿನಕಾಯಿಯಲ್ಲಿ ಇಡುವುದುಂಟು. ಅವರ ಕಾಳಜಿ ದೊಡ್ಡದು. ಆದರೆ ಹೊಸ ಮಾಂಸ ತುಂಬಿ ಗಾಯ ಕೂಡಬೇಕಾದರೆ ಪ್ರೋಟೀನ್ ಬೇಕೇ ಬೇಕು. ವೈದ್ಯರು ಬೇಡವೆನ್ನದ ಹೊರತು ಮೀನು, ಮೊಟ್ಟೆ, ಬೇಳೆಕಾಳುಗಳಲ್ಲಿರುವ ಆ ಪೋಷಣೆಯನ್ನು ರೋಗಿಗೆ ತಪ್ಪಿಸಬಾರದು. ಅಜ್ಜಿಯ ಮಾತನ್ನು ಮೀರಲಾಗದ ಮನೆಗಳಲ್ಲಿ ಅಜ್ಜಿಯನ್ನೇ ಒಮ್ಮೆ ಡಾಕ್ಟರರ ಬಳಿಗೆ ಕರೆದೊಯ್ದರೆ ಸಮಸ್ಯೆ ಸುಲಭವಾಗಿ ಬಗೆಹರಿದೀತು.

ಆಸ್ಪತ್ರೆಗಳಿಗೊಂದು ಬಿನ್ನಹ

ಈ ನಾಡಿನಲ್ಲಿ ರೋಗಿಸೇವೆಗೆ ನಮ್ಮ ಧರ್ಮಸಭೆ ನೀಡಿದ ಕಾಣಿಕೆ ಅಪಾರವಾದುದು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ಆರಂಭಿಸಿದ ಬಡವರ ಔಷಧಾಲಯ, 1886ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಂತ ಮಾರ್ತಮ್ಮನವರ ಆಸ್ಪತ್ರೆ, 1963ರಲ್ಲಿ ಹುಟ್ಟಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಇವೆಲ್ಲ ಆ ಪರಂಪರೆಯ ಹೆಗ್ಗುರುತುಗಳು. ಆದ್ದರಿಂದ ರೋಗಿಯ ದನಿಗೆ ಸ್ಥಾನ ನೀಡುವುದರಲ್ಲಿಯೂ ಕ್ರೈಸ್ತ ಸಂಸ್ಥೆಗಳು ಮುಂದಿರಬೇಕೆಂದು ಆಶಿಸುವುದು ಅತಿಯಾಸೆಯಲ್ಲ.

ವೈದ್ಯರಿಗೂ ದಾದಿಯರಿಗೂ ಇರುವ ಕೆಲಸದ ಒತ್ತಡವನ್ನು ನಾವು ಬಲ್ಲೆವು. ಒಬ್ಬ ನರ್ಸ್ ರಾತ್ರಿಪಾಳಿಯಲ್ಲಿ ಎಷ್ಟು ಹಾಸಿಗೆಗಳನ್ನು ನೋಡಬೇಕಾಗುತ್ತದೆಂಬುದನ್ನು ನಮ್ಮ ಮನೆಯ ಹೆಣ್ಣುಮಕ್ಕಳೇ ಹೇಳುತ್ತಾರೆ. ಎಲ್ಲರ ಮಾತನ್ನೂ ಕೇಳುತ್ತ ಕುಳಿತರೆ ಕೆಲಸ ಸಾಗುವುದೇ ಎಂಬ ಆಕ್ಷೇಪವೂ ನ್ಯಾಯವಾದುದೇ. ಆದರೆ ಸಕಾಲದಲ್ಲಿ ಕೇಳಿದ ಐದು ನಿಮಿಷದ ಮಾತು, ಕೀವು ತುಂಬಿ ಮತ್ತೆ ದಾಖಲಾದ ರೋಗಿಯ ಹದಿನೈದು ದಿನಗಳ ಶುಶ್ರೂಷೆಯನ್ನು ಉಳಿಸಬಲ್ಲದು. ಸೋಂಕುತಡೆಯ ಸಮಿತಿಯಲ್ಲಿ ಹಿಂದೊಮ್ಮೆ ಗಾಯದ ಬಾಧೆ ಅನುಭವಿಸಿದ ರೋಗಿಯೊಬ್ಬರಿಗೂ, ನಿತ್ಯ ಡ್ರೆಸ್ಸಿಂಗ್ ಮಾಡುವ ಕಿರಿಯ ದಾದಿಗೂ ಒಂದೊಂದು ಕುರ್ಚಿ ಇರಲಿ. ಮನೆಗೆ ಹೋದವರಿಗೆ ಮೂವತ್ತು ದಿನಗಳೊಳಗೆ ಕನ್ನಡದಲ್ಲೋ, ಕೊಂಕಣಿಯಲ್ಲೋ, ತುಳುವಿನಲ್ಲೋ ಒಂದೆರಡು ಬಾರಿ ಫೋನ್ ಕರೆ ಹೋಗಲಿ. ನಿಮ್ಮಿಂದಲೇ ಹೀಗಾಯಿತೆಂಬ ಗದರಿಕೆ ರೋಗಿಯ ಬಾಯಿಯನ್ನು ಶಾಶ್ವತವಾಗಿ ಮುಚ್ಚಿಸುತ್ತದೆಂಬುದನ್ನು ಎಲ್ಲರೂ ನೆನಪಿಡಲಿ. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಮಾಹಿತಿ ಪಡೆಯುವ ಹಕ್ಕಿಗೆ ಸ್ಥಾನ ದೊರೆತಿದೆ. ಕಾನೂನು ಹೇಳುವ ಮುನ್ನವೇ ಪ್ರೀತಿ ಅದನ್ನು ಮಾಡಬೇಕಲ್ಲವೇ?

ಧರ್ಮಕೇಂದ್ರದ ಪಾತ್ರ

ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1992ರಲ್ಲಿ ವಿಶ್ವ ರೋಗಿಗಳ ದಿನವನ್ನು ಸ್ಥಾಪಿಸಿದರು. 1993ರಿಂದ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದಂದು ಅದನ್ನು ಆಚರಿಸಲಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಿಂದ ಸೆಪ್ಟೆಂಬರ್ 17ನ್ನು ರೋಗಿಗಳ ಸುರಕ್ಷತಾ ದಿನವನ್ನಾಗಿ ಆಚರಿಸುತ್ತಿದ್ದು, 2023ರಲ್ಲಿ ರೋಗಿಗಳನ್ನು ತೊಡಗಿಸಿಕೊಳ್ಳುವುದನ್ನೇ ಅದರ ವಿಷಯವನ್ನಾಗಿ ಆರಿಸಿತ್ತು. ಈ ಎರಡು ದಿನಗಳಲ್ಲಿ ಪೂಜೆ ಅರ್ಪಿಸಿ, ವ್ಯಾಧಿಸ್ಥರ ಅಭ್ಯಂಗ ನೀಡಿ, ಹಣ್ಣು ಹಂಚಿದರೆ ನಮ್ಮ ಕರ್ತವ್ಯ ಮುಗಿಯಿತೇ? ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ನಿವೃತ್ತ ನರ್ಸುಗಳಿದ್ದಾರೆ, ಗಲ್ಫ್ ದೇಶಗಳಲ್ಲಿ ವರ್ಷಗಟ್ಟಲೆ ದುಡಿದು ಬಂದವರಿದ್ದಾರೆ. ಕಿರು ಕ್ರೈಸ್ತ ಸಮುದಾಯಗಳು ಹಾಗೂ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಇವರೊಡನೆ ಸೇರಿ, ಆಪರೇಷನ್ ಆಗಿ ಬಂದವರ ಮನೆಗೆ ವಾರಕ್ಕೊಮ್ಮೆ ಭೇಟಿ ನೀಡಿ, ಗಾಯ ಹೇಗಿದೆ ಎಂದು ಅಕ್ಕರೆಯಿಂದ ವಿಚಾರಿಸುವ ಪದ್ಧತಿಯನ್ನು ಆರಂಭಿಸಬಹುದು. ಮರುಭೇಟಿಯ ವಾಹನದ ಖರ್ಚನ್ನು ಬಡವರಿಗೆ ಗುಟ್ಟಾಗಿ ಒದಗಿಸಬಹುದು. ಒಳ್ಳೆಯ ಸಮಾರಿಯದವನು ಎಣ್ಣೆ ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ್ದನ್ನು ನಾವೆಲ್ಲ ಬಲ್ಲೆವು. ಆದರೆ ಛತ್ರದವನ ಕೈಗೆ ಹಣವಿತ್ತು, ಹಿಂದಿರುಗಿ ಬರುವಾಗ ಮಿಕ್ಕ ಖರ್ಚನ್ನೂ ತೀರಿಸುವೆನೆಂದು ಮಾತು ಕೊಟ್ಟದ್ದನ್ನು ಮರೆಯುತ್ತೇವೆ. ಹಿಂದಿರುಗಿ ಬಂದು ನೋಡುವ ಆ ಮಾತಿಲ್ಲದೆ ಗಾಯದ ಆರೈಕೆ ಪೂರ್ಣವಾಗದು.

ಪುನರುತ್ಥಾನ ಹೊಂದಿದ ಪ್ರಭು ತಮ್ಮ ಶಿಷ್ಯರ ನಡುವೆ ಬಂದಾಗ ಗಾಯಗಳನ್ನು ಮರೆಮಾಡಲಿಲ್ಲ. ತೋಮನನ್ನು ಕರೆದು ತೋರಿಸಿದರು, ಮುಟ್ಟಿ ನೋಡೆಂದು ಕೈಚಾಚಿದರು. ಪ್ರಭುವಿಗೇ ಇಲ್ಲದ ನಾಚಿಕೆ ನಮಗೇಕೆ? ಈ ವಾರ ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಆಪರೇಷನ್ ಆಗಿ ಮಲಗಿದವರಿದ್ದರೆ ಬರಿದೇ ಹಾರ್ಲಿಕ್ಸ್ ಬಾಟಲಿ ಇಟ್ಟು ಬರಬೇಡಿರಿ. ಪಕ್ಕದಲ್ಲಿ ಕುಳಿತು, ಗಾಯ ಹೇಗಿದೆ, ಡಾಕ್ಟರರಿಗೆ ಹೇಳದೆ ಉಳಿಸಿಕೊಂಡ ಮಾತೇನಾದರೂ ಇದೆಯೇ ಎಂದು ಕೇಳಿರಿ. ಇದ್ದರೆ, ಅದನ್ನು ಹೇಳಲು ಅವರೊಡನೆ ಆಸ್ಪತ್ರೆಯ ತನಕ ನಡೆಯಿರಿ.